ಗಡ್ಡೆ ತೆಗೆದು ಗರ್ಭಕೋಶ ಉಳಿಸುವ ಲೆಕ್ಕ

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ದೇಶದ 15ರಿಂದ 49 ವರ್ಷದೊಳಗಿನ 7,24,115 ಮಹಿಳೆಯರನ್ನು ಮಾತನಾಡಿಸಿತು. ಅವರಲ್ಲಿ ಶೇ 3.3ರಷ್ಟು ಮಂದಿಗೆ ಗರ್ಭಕೋಶ ಇರಲಿಲ್ಲ, ಶಸ್ತ್ರಚಿಕಿತ್ಸೆಯಲ್ಲಿ ತೆಗೆಯಲಾಗಿತ್ತು. 2015–16ರ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 3.2 ಇತ್ತು. ಐದು ವರ್ಷಗಳಲ್ಲಿ ಆದ ಏರಿಕೆ ಅತ್ಯಲ್ಪ. ಗಮನಿಸಬೇಕಾದದ್ದು ವಯಸ್ಸನ್ನು: ಹೀಗೆ ಗರ್ಭಕೋಶ ಕಳೆದುಕೊಂಡವರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಆಗ 35 ತುಂಬಿರಲಿಲ್ಲ. ಭಾರತದಲ್ಲಿ ಮುಟ್ಟು ತಾನಾಗಿ ನಿಲ್ಲುವ ಸರಾಸರಿ ವಯಸ್ಸು ಸುಮಾರು 46. ಎರಡರ ನಡುವಿನ ಅಂತರ 11 ವರ್ಷಕ್ಕೂ ಹೆಚ್ಚು.

ರಾಜ್ಯಗಳ ನಡುವಿನ ಅಂತರ ಇನ್ನೂ ದೊಡ್ಡದು. ಅದೇ ಸಮೀಕ್ಷೆಯಲ್ಲಿ ಆಂಧ್ರಪ್ರದೇಶದ ಪ್ರಮಾಣ ಶೇ 8.7, ತೆಲಂಗಾಣದ್ದು ಶೇ 8.2, ಬಿಹಾರದ್ದು ಶೇ 6. ರಾಷ್ಟ್ರೀಯ ಸರಾಸರಿಗೆ ಹೋಲಿಸಿದರೆ ಆಂಧ್ರದ್ದು ಎರಡೂವರೆ ಪಟ್ಟಿಗೂ ಹೆಚ್ಚು. ಒಂದೇ ಕಾಯಿಲೆ ರಾಜ್ಯದ ಗಡಿ ದಾಟಿದೊಡನೆ ಇಷ್ಟು ಪಟ್ಟು ಹೆಚ್ಚಾಗುವುದಿಲ್ಲ. ಹೆಚ್ಚಾಗುವುದು ಚಿಕಿತ್ಸೆಯ ರೂಢಿ.

ಈ ಶಸ್ತ್ರಚಿಕಿತ್ಸೆಗಳಲ್ಲಿ ಮೂರನೇ ಎರಡು ಭಾಗ ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿವೆ. ಮಹಿಳೆಯರು ಹೇಳಿದ ಕಾರಣಗಳಲ್ಲಿ ಅತಿಯಾದ ಮುಟ್ಟಿನ ಸ್ರಾವ ಮೊದಲನೆಯದು. ಅರ್ಧಕ್ಕೂ ಹೆಚ್ಚು ಮಂದಿ ಅದನ್ನೇ ಹೇಳಿದ್ದಾರೆ. ಗಡ್ಡೆ ಮತ್ತೊಂದು ಮುಖ್ಯ ಕಾರಣ. ಎರಡಕ್ಕೂ ಸಂಬಂಧವಿದೆ. ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆಗೆ ಫೈಬ್ರಾಯ್ಡ್ ಎನ್ನುತ್ತಾರೆ. ಅತಿಸ್ರಾವದ ಸಾಮಾನ್ಯ ಕಾರಣಗಳಲ್ಲಿ ಅದೂ ಒಂದು. ಗಡ್ಡೆಯನ್ನಷ್ಟೇ ಬಿಡಿಸಿ ತೆಗೆದು ಗರ್ಭಕೋಶವನ್ನು ಹೊಲಿದು ಉಳಿಸುವ ಶಸ್ತ್ರಚಿಕಿತ್ಸೆ ಮಯೋಮೆಕ್ಟಮಿ. ಗರ್ಭಕೋಶವನ್ನೇ ತೆಗೆಯುವುದು ಹಿಸ್ಟರೆಕ್ಟಮಿ. ಈ ಎರಡರ ಲಾಭ–ನಷ್ಟವನ್ನು ಅಂಕಿಗಳಲ್ಲಿ ತೂಗುವುದು ಈ ವರದಿಯ ಉದ್ದೇಶ.

ಫೈಬ್ರಾಯ್ಡ್ ಅಪರೂಪದ ಕಾಯಿಲೆಯಲ್ಲ. ಅಮೆರಿಕದ ವಾಷಿಂಗ್ಟನ್‌ನಲ್ಲಿ 35ರಿಂದ 49 ವರ್ಷದ 1,364 ಮಹಿಳೆಯರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 50 ವರ್ಷ ತುಂಬುವಷ್ಟರಲ್ಲಿ ಬಿಳಿಯ ಮಹಿಳೆಯರಲ್ಲಿ ಸುಮಾರು ಶೇ 70ರಷ್ಟು, ಕಪ್ಪು ಮಹಿಳೆಯರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಯಲ್ಲಿ ಗಡ್ಡೆ ಇರುತ್ತದೆ. ತೊಂದರೆ ಕೊಡುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಸ್ಕ್ಯಾನಿಂಗ್ ವರದಿಯಲ್ಲಿ ಗಡ್ಡೆ ಕಂಡಿದೆ ಎಂಬುದಷ್ಟೇ ಶಸ್ತ್ರಚಿಕಿತ್ಸೆಗೆ ಕಾರಣವಾಗದು.

ಒಂಬತ್ತು ಬಗೆ, ಒಂದು ಹೊರಗುಂಪು

ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞರ ಒಕ್ಕೂಟ ‘ಫಿಗೊ’ 2011ರಲ್ಲಿ ಗಡ್ಡೆಗಳನ್ನು ಇರುವ ಜಾಗದ ಮೇಲೆ 0ರಿಂದ 8ರವರೆಗೆ ಒಂಬತ್ತು ಬಗೆಗಳಾಗಿ ವಿಂಗಡಿಸಿತು. 0, 1 ಮತ್ತು 2 ಗರ್ಭಕೋಶದ ಒಳಕುಹರಕ್ಕೆ ಚಾಚಿದವು. ಇವನ್ನು ಹೊಟ್ಟೆ ಕೊಯ್ಯದೆ ಯೋನಿಮಾರ್ಗದಿಂದ ಅಂತರ್ದರ್ಶಕದ (ಹಿಸ್ಟರೊಸ್ಕೋಪ್) ಮೂಲಕ ತೆಗೆಯಬಹುದು. 3 ಮತ್ತು 4 ಗೋಡೆಯೊಳಗಿನವು. 5ರಿಂದ 7ರವರೆಗಿನವು ಹೊರಮೈಗೆ ಉಬ್ಬಿದವು. ಈ ಎಂಟರಲ್ಲಿ ಎಲ್ಲಿಗೂ ಸೇರದವು 8ನೇ ಬಗೆ: ಗರ್ಭಕೋಶದ ಕೊರಳಿನಲ್ಲಿ ಬೆಳೆದವು, ಗರ್ಭಕೋಶವನ್ನು ಪಕ್ಕಗಳಿಂದ ಹಿಡಿದಿಡುವ ಅಗಲ ಬಂಧದ (ಬ್ರಾಡ್ ಲಿಗಮೆಂಟ್) ಪದರಗಳ ನಡುವೆ ಹುದುಗಿದವು, ಗರ್ಭಕೋಶದಿಂದ ಕಳಚಿ ಬೇರೆ ಅಂಗದ ರಕ್ತನಾಳ ಹಿಡಿದು ಬದುಕುವವು.

ಕೊರಳಿನ ಗಡ್ಡೆಗಳು 100ರಲ್ಲಿ 1 ಅಥವಾ 2 ಮಾತ್ರ. ಸಂಖ್ಯೆ ಕಡಿಮೆಯಾದರೂ ‘ಗರ್ಭಕೋಶ ತೆಗೆಯದೆ ಆಗದು’ ಎಂಬ ಮಾತು ಹೆಚ್ಚು ಕೇಳಿಬರುವುದು ಇಂಥವುಗಳಲ್ಲಿಯೇ. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಗರ್ಭಕೋಶದ ಕೊರಳಿನಿಂದ ಸುಮಾರು 2 ಸೆಂ.ಮೀ. ದೂರದಲ್ಲಿ ಹಾಯುತ್ತದೆ. ಅಲ್ಲಿ ಗಡ್ಡೆ ಬೆಳೆದರೆ ನಾಳ ಸ್ಥಳ ಬದಲಿಸುತ್ತದೆ. ಆದರೆ ಪ್ರತಿ ಗಡ್ಡೆಯ ಸುತ್ತ ಒತ್ತಡಕ್ಕೊಳಗಾದ ಸ್ನಾಯುವಿನ ಒಂದು ಕವಚ ಇರುತ್ತದೆ, ನಾಳ ಆ ಕವಚದ ಹೊರಗಿರುತ್ತದೆ. ಶಸ್ತ್ರವೈದ್ಯರು ಮೊದಲು ಕವಚ ಸೀಳಿ, ಅದರ ಒಳಗಿನಿಂದಲೇ ಗಡ್ಡೆಯನ್ನು ಬಿಡಿಸಿದರೆ ನಾಳಕ್ಕೆ ಕತ್ತರಿ ತಾಗುವ ಸಂಭವ ಕಡಿಮೆ. ಗರ್ಭಕೋಶ ತೆಗೆಯಬೇಕಾದ ಸಂದರ್ಭದಲ್ಲೂ ಇಂಥ ಗಡ್ಡೆಯನ್ನು ಮೊದಲು ಬಿಡಿಸಿಕೊಳ್ಳುವುದುಂಟು.

ಗಾತ್ರದ ಲೆಕ್ಕದಲ್ಲಿ ಗೊಂದಲ ಹೆಚ್ಚು. ಸ್ಕ್ಯಾನಿಂಗ್ ವರದಿ ಕೊಡುವುದು ವ್ಯಾಸವನ್ನು. ವೈದ್ಯರು ಎದುರಿಸುವುದು ಘನ ಅಳತೆಯನ್ನು. 5 ಸೆಂ.ಮೀ. ಗಡ್ಡೆಯ ಗಾತ್ರ ಸುಮಾರು 65 ಮಿ.ಲೀ. 10 ಸೆಂ.ಮೀ. ಗಡ್ಡೆಯದ್ದು ಸುಮಾರು 524 ಮಿ.ಲೀ. ವ್ಯಾಸ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ಇದೇ ಲೆಕ್ಕ ಹಿಮ್ಮುಖವಾಗಿಯೂ ನಿಲ್ಲುತ್ತದೆ: ಲ್ಯೂಪ್ರೊಲೈಡ್‌ನಂಥ ಚುಚ್ಚುಮದ್ದು ಮೂರು ತಿಂಗಳಲ್ಲಿ ಗಡ್ಡೆಯ ಗಾತ್ರವನ್ನು ಅರ್ಧಕ್ಕೆ ಇಳಿಸಿದರೂ 10 ಸೆಂ.ಮೀ. ವ್ಯಾಸ 7.9ಕ್ಕೆ ಮಾತ್ರ ಇಳಿಯುತ್ತದೆ. ವರದಿಯಲ್ಲಿ ‘ಸ್ವಲ್ಪವೇ ಕುಗ್ಗಿದೆ’ ಎಂದು ಕಾಣುವುದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಅರ್ಧ ಹೊರೆ. 11.4 ಕೆ.ಜಿ. ಮೀರಿದ ಗಡ್ಡೆಯನ್ನು ವೈದ್ಯಕೀಯ ಬರಹಗಳು ‘ದೈತ್ಯ’ ವರ್ಗಕ್ಕೆ ಸೇರಿಸುತ್ತವೆ. ಗಡ್ಡೆಯಿಲ್ಲದ ಗರ್ಭಕೋಶದ ತೂಕ ಸುಮಾರು 70 ಗ್ರಾಂ.

ಅಪಾಯ ಯಾವುದರಲ್ಲಿ ಹೆಚ್ಚು?

ಗಡ್ಡೆ ಮಾತ್ರ ತೆಗೆದರೆ ರಕ್ತ ಹೆಚ್ಚು ಹೋಗುತ್ತದೆ, ಆದ್ದರಿಂದ ಗರ್ಭಕೋಶ ತೆಗೆಯುವುದೇ ಸುರಕ್ಷಿತ ಎಂಬುದು ರೂಢಿಯ ವಾದ. 2000ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಮಯೋಮೆಕ್ಟಮಿಗೆ ಒಳಗಾದ 197 ಮಂದಿಯನ್ನು, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಗರ್ಭಕೋಶವಿದ್ದು ಹಿಸ್ಟರೆಕ್ಟಮಿಗೆ ಒಳಗಾದ 197 ಮಂದಿಯೊಡನೆ ಹೋಲಿಸಿತು. ರಕ್ತನಷ್ಟ ಮಯೋಮೆಕ್ಟಮಿಯಲ್ಲಿ ಸರಾಸರಿ 227 ಮಿ.ಲೀ., ಹಿಸ್ಟರೆಕ್ಟಮಿಯಲ್ಲಿ 484 ಮಿ.ಲೀ. ಮೂತ್ರಕೋಶ, ಕರುಳು, ಮೂತ್ರನಾಳಗಳ ಗಾಯವೂ ಸೇರಿದ ತೊಡಕುಗಳು ಮಯೋಮೆಕ್ಟಮಿ ಗುಂಪಿನ 11 ಮಂದಿಯಲ್ಲಿ, ಹಿಸ್ಟರೆಕ್ಟಮಿ ಗುಂಪಿನ 26 ಮಂದಿಯಲ್ಲಿ ಕಂಡುಬಂದವು. ಮಯೋಮೆಕ್ಟಮಿಗೆ ಹೆಚ್ಚು ತಗುಲಿದ್ದು ಸಮಯ: 175 ನಿಮಿಷದ ಬದಲು 200 ನಿಮಿಷ. ರೋಗಿಯ ಪಾಲಿಗೆ ಆ 25 ನಿಮಿಷ ಸಣ್ಣದು. ದಿನಕ್ಕೆ ಐದಾರು ಶಸ್ತ್ರಚಿಕಿತ್ಸೆ ಮುಗಿಸಬೇಕಾದ ಆಸ್ಪತ್ರೆಯ ಪಾಲಿಗೆ ಅವೆಲ್ಲ ಸೇರಿ ಹೆಚ್ಚುಕಡಿಮೆ ಒಂದು ಸರದಿಯ ನಷ್ಟ.

ಗಡ್ಡೆ ತುಂಬ ದೊಡ್ಡದಾದರೆ ಉಳಿಸಲಾಗದು ಎಂಬ ಮಾತಿಗೂ ಅಂಕಿಯಿದೆ. 2006ರಲ್ಲಿ ಪ್ರಕಟವಾದ ಇನ್ನೊಂದು ವರದಿಯಲ್ಲಿ 91 ಮಹಿಳೆಯರ ಗರ್ಭಕೋಶ 16ರಿಂದ 36 ವಾರದ ಬಸಿರಿನಷ್ಟು ಉಬ್ಬಿತ್ತು. ಎಲ್ಲರಿಗೂ ಹೊಟ್ಟೆ ತೆರೆದು ಗಡ್ಡೆ ತೆಗೆಯಲಾಯಿತು. ದಾನಿಯ ರಕ್ತ ಬೇಕಾದದ್ದು 7 ಮಂದಿಗೆ. ಮಧ್ಯದಲ್ಲಿ ಯೋಜನೆ ಬದಲಿಸಿ ಗರ್ಭಕೋಶವನ್ನೇ ತೆಗೆಯಬೇಕಾದದ್ದು ಸೊನ್ನೆ. ಹರಿದ ರಕ್ತವನ್ನು ಶುದ್ಧೀಕರಿಸಿ ಅದೇ ರೋಗಿಗೆ ಮರಳಿಸುವ ಯಂತ್ರವನ್ನು ಅಲ್ಲಿ ಬಹುಪಾಲು ಪ್ರಕರಣಗಳಲ್ಲಿ ಬಳಸಿದ್ದರು. ಆ ಸೌಲಭ್ಯ ಇಲ್ಲದ ಕಡೆ ಅದೇ ಫಲಿತಾಂಶ ನಿರೀಕ್ಷಿಸುವಂತಿಲ್ಲ.

ಈ ಕೌಶಲ ಹೊಸತಲ್ಲ. ಲಂಡನ್ನಿನ ಶಸ್ತ್ರವೈದ್ಯ ವಿಕ್ಟರ್ ಬಾನಿ (1872–1953) ಒಂದೇ ಗರ್ಭಕೋಶದಿಂದ 225 ಗಡ್ಡೆಗಳನ್ನು ತೆಗೆದು, ಅದನ್ನು ಉಳಿಸಿದ್ದರು. ಫೈಬ್ರಾಯ್ಡ್‌ನಿಂದ ಅವರ ಪತ್ನಿಯೇ ಎಳೆಯ ಪ್ರಾಯದಲ್ಲಿ ಗರ್ಭಕೋಶ ಕಳೆದುಕೊಂಡಿದ್ದರು. ಗಡ್ಡೆ ಬಿಡಿಸುವಾಗ ಗರ್ಭಕೋಶದ ರಕ್ತನಾಳಗಳನ್ನು ತಾತ್ಕಾಲಿಕವಾಗಿ ಒತ್ತಿಹಿಡಿಯಲು ಅವರು ರೂಪಿಸಿದ ಚಿಮುಟ ಇಂದಿಗೂ ಅವರ ಹೆಸರಿನಲ್ಲೇ ಇದೆ.

ರಕ್ತದ ಆಯವ್ಯಯ

ರಕ್ತನಷ್ಟ ತಗ್ಗಿಸುವ ಔಷಧಗಳ ಕುರಿತು 18 ಪ್ರಯೋಗಗಳ, 1,250 ಮಹಿಳೆಯರ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆ 2014ರಲ್ಲಿ ಪ್ರಕಟವಾಯಿತು. ಗರ್ಭಕೋಶದ ಸ್ನಾಯುವಿಗೆ ಚುಚ್ಚುವ ವ್ಯಾಸೊಪ್ರೆಸಿನ್ ಸರಾಸರಿ 246 ಮಿ.ಲೀ., ರಕ್ತನಾಳಕ್ಕೆ ಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ 243 ಮಿ.ಲೀ., ಮಿಸೊಪ್ರೊಸ್ಟಾಲ್ ಮಾತ್ರೆ 98 ಮಿ.ಲೀ. ರಕ್ತ ಉಳಿಸಿದವು. ವ್ಯಾಸೊಪ್ರೆಸಿನ್ ಕೆಲಸ ಮಾಡುವುದು ಕಣ್ಣಿಗೇ ಕಾಣುತ್ತದೆ: ದ್ರಾವಣದಲ್ಲಿ ತೆಳುಗೊಳಿಸಿದ ಮದ್ದು ಒಳಗಿಳಿದ ಕೂಡಲೇ ಗಡ್ಡೆಯ ಮೇಲಿನ ಸ್ನಾಯು ಬಿಳಿಚುತ್ತದೆ, ಕವಚ ಸಿಗುವವರೆಗೆ ಕೊಯ್ದು, ಗಡ್ಡೆಗೆ ತಿರುಪಿನಂಥ ಹಿಡಿ ಚುಚ್ಚಿ ಮೇಲೆಳೆಯುತ್ತಾರೆ, ಬೆರಳಿನಿಂದ ಸುತ್ತ ಬಿಡಿಸಿ, ಉಳಿದ ಗುಳಿಯನ್ನು ಎರಡು–ಮೂರು ಪದರಗಳಲ್ಲಿ ಹೊಲಿಯುತ್ತಾರೆ. ಟ್ರಾನೆಕ್ಸಾಮಿಕ್ ಆ್ಯಸಿಡ್ ಮತ್ತು ಮಿಸೊಪ್ರೊಸ್ಟಾಲ್ ಹೆರಿಗೆಯ ಸ್ರಾವಕ್ಕೆ ಬಳಕೆಯಲ್ಲಿರುವ ಔಷಧಗಳೇ. ತಾಲ್ಲೂಕು ಆಸ್ಪತ್ರೆಗೆ ಅಪರಿಚಿತವಲ್ಲ.

ನಿಜವಾದ ಕೊರತೆ ಮೇಜಿಗೆ ಬರುವ ಮೊದಲೇ ಇರುತ್ತದೆ. ಐದನೇ ಸಮೀಕ್ಷೆಯ ಪ್ರಕಾರ ಭಾರತದ 15–49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಹಿಂದಿನ ಸಮೀಕ್ಷೆಯಲ್ಲಿ ಶೇ 53.1 ಇತ್ತು. ಕರ್ನಾಟಕದಲ್ಲಿ ಇದು ಶೇ 44.8ರಿಂದ ಶೇ 47.8ಕ್ಕೆ ಏರಿದೆ. ಗಡ್ಡೆಯ ಸ್ರಾವದಿಂದ ಹಿಮೋಗ್ಲೋಬಿನ್ 7 ಅಥವಾ 8 ಗ್ರಾಂಗೆ ಇಳಿದ ಮಹಿಳೆಗೆ ಅರ್ಧ ಲೀಟರ್ ರಕ್ತನಷ್ಟವೂ ಅಪಾಯವೇ. ಕಬ್ಬಿಣದ ಚಿಕಿತ್ಸೆಗೆ ಸ್ಪಂದಿಸುವವರಲ್ಲಿ 3–4 ವಾರಗಳಲ್ಲಿ ಹಿಮೋಗ್ಲೋಬಿನ್ ಸುಮಾರು 2 ಗ್ರಾಂ ಏರುತ್ತದೆ. ಒಂದು ಯೂನಿಟ್ ರಕ್ತ ಏರಿಸುವುದು ಸುಮಾರು 1 ಗ್ರಾಂ. ಖಾಸಗಿ ರಕ್ತನಿಧಿ ಅದಕ್ಕೆ ಪಡೆಯಬಹುದಾದ ಸಂಸ್ಕರಣಾ ಶುಲ್ಕದ ಮಿತಿ ₹1,550. ಒಂದು ತಿಂಗಳು ಕಬ್ಬಿಣ ಕೊಟ್ಟು ಕಾದರೆ ಎರಡು ಯೂನಿಟ್, ಅಂದರೆ ₹3,100 ಉಳಿಯುತ್ತದೆ. ಫೈಬ್ರಾಯ್ಡ್ ಬಹುಪಾಲು ತುರ್ತು ಪ್ರಕರಣವಲ್ಲ. ಆ ತಿಂಗಳು ಕಾಯಬಹುದು.

350ರಲ್ಲಿ ಒಂದು

‘ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಮಾತು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ದೊಡ್ಡ ಕಾರಣ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2014ರಲ್ಲಿ ನೀಡಿದ ಅಂದಾಜಿನಂತೆ, ಫೈಬ್ರಾಯ್ಡ್ ಎಂದು ಭಾವಿಸಿ ಶಸ್ತ್ರಚಿಕಿತ್ಸೆ ಮಾಡಿದ 350 ಮಂದಿಯಲ್ಲಿ ಒಬ್ಬರಲ್ಲಿ ಸಾರ್ಕೋಮಾ, ಅಂದರೆ ಗರ್ಭಕೋಶದ ಸ್ನಾಯು ಮತ್ತಿತರ ಆಧಾರ ಅಂಗಾಂಶದ ಕ್ಯಾನ್ಸರ್, ಅಡಗಿರುತ್ತದೆ. 2017ರ ಪರಿಷ್ಕೃತ ಅಂದಾಜು 305ರಿಂದ 360ರಲ್ಲಿ ಒಂದು. 1,000 ಮಂದಿಯಲ್ಲಿ ಸುಮಾರು 997 ಮಂದಿಯದ್ದು ಕ್ಯಾನ್ಸರ್ ಅಲ್ಲ. ಉಳಿದ ಮೂವರನ್ನು ಮರೆಯುವಂತಿಲ್ಲ. ಅದಕ್ಕಾಗಿಯೇ ಗಡ್ಡೆಯನ್ನು ಹೊಟ್ಟೆಯೊಳಗೆ ಯಂತ್ರದಿಂದ ತುಂಡರಿಸುವುದಾದರೆ ಚೀಲದೊಳಗಿಟ್ಟೇ ತುಂಡರಿಸಬೇಕು, ತೆಗೆದದ್ದನ್ನು ಪ್ರಯೋಗಾಲಯದ ಅಂಗಾಂಶ ಪರೀಕ್ಷೆಗೆ ಕಳಿಸಬೇಕು.

ಕ್ಯಾನ್ಸರ್‌ನಂತೆ ಕಂಡು ಕ್ಯಾನ್ಸರ್ ಅಲ್ಲದ ಬಗೆಗಳೂ ಇವೆ. 1996ರಲ್ಲಿ ಮೊದಲು ಹೆಸರಿಸಲಾದ ಕೋಟಿಲಿಡನಾಯ್ಡ್ ಗಡ್ಡೆ ಗರ್ಭಕೋಶದ ಗೋಡೆಯಿಂದ ಹೊರಟು ಹೊಟ್ಟೆಯೊಳಗೆ ಗೊಂಚಲಾಗಿ ಹರಡುತ್ತದೆ. ಕಡುಗೆಂಪು ಬಣ್ಣದಿಂದ ಹೆರಿಗೆಯ ಮಾಸನ್ನು ಹೋಲುತ್ತದೆ. ಮೊದಲ ಬಾರಿ ಕಂಡ ಶಸ್ತ್ರವೈದ್ಯರಿಗೆ ಅದು ಹರಡಿದ ಕ್ಯಾನ್ಸರ್ ಎನಿಸುವುದು ಸಹಜ. ಗಡ್ಡೆಯ ಚೂರನ್ನು ಹೆಪ್ಪುಗಟ್ಟಿಸಿ ಅಲ್ಲೇ ಸೂಕ್ಷ್ಮದರ್ಶಕದಡಿ ನೋಡುವ ಪರೀಕ್ಷೆಗೆ ಹಿಡಿಯುವುದು ಸುಮಾರು ಅರ್ಧ ಗಂಟೆ. ಮಕ್ಕಳು ಬೇಕೆನ್ನುವ ಮಹಿಳೆಯ ಗರ್ಭಕೋಶ ಉಳಿಯುವುದೋ ಹೋಗುವುದೋ ಎಂಬುದು ಆ ಅರ್ಧ ಗಂಟೆಯ ಮೇಲೆ ನಿಂತಿರುತ್ತದೆ.

ಉಳಿಸಬಾರದ ಸಂದರ್ಭಗಳೂ ಇವೆ. ಗಡ್ಡೆ ಅಭಿಧಮನಿಗಳೊಳಗೆ ಬೆಳೆದು ಹೃದಯದತ್ತ ಚಾಚುವ ಬಗೆಯಲ್ಲಿ ಸಾಮಾನ್ಯವಾಗಿ ಗರ್ಭಕೋಶ ತೆಗೆಯುವುದೇ ಚಿಕಿತ್ಸೆ. ಮುಟ್ಟು ನಿಂತ ಮೇಲೂ ಬೆಳೆಯುವ ಗಡ್ಡೆಯನ್ನು ಶಂಕೆಯಿಂದಲೇ ನೋಡಬೇಕು.

ಉಳಿಸಿದ್ದಕ್ಕೂ ಬೆಲೆಯಿದೆ

ಮಯೋಮೆಕ್ಟಮಿಯ ದೊಡ್ಡ ಖರ್ಚು ಮರುಕಳಿಕೆ. 1969ರಲ್ಲಿ ಪ್ರಕಟವಾದ, ಇಂದಿಗೂ ಉಲ್ಲೇಖಿತವಾಗುವ ಅಧ್ಯಯನದ ಪ್ರಕಾರ ಒಂದೇ ಗಡ್ಡೆ ತೆಗೆದವರಲ್ಲಿ ಶೇ 27, ಹಲವು ಗಡ್ಡೆ ತೆಗೆದವರಲ್ಲಿ ಶೇ 59 ಮಂದಿಗೆ ಅವು ಮತ್ತೆ ಬಂದವು. ಮುಂದೆ ಗರ್ಭಕೋಶ ತೆಗೆಯಬೇಕಾದದ್ದು ಕ್ರಮವಾಗಿ ಶೇ 11 ಮತ್ತು ಶೇ 26 ಮಂದಿಗೆ. ಹಲವು ಗಡ್ಡೆಯಿದ್ದವರಲ್ಲೂ ನಾಲ್ವರಲ್ಲಿ ಮೂವರಿಗೆ ಗರ್ಭಕೋಶ ಉಳಿಯಿತು. ಮಯೋಮೆಕ್ಟಮಿಯ ನಂತರದ ಬಸಿರಿನಲ್ಲಿ ಹಳೆಯ ಹೊಲಿಗೆ ಬಿರಿಯುವ ಸಂಭವ 100ರಲ್ಲಿ 1ಕ್ಕಿಂತ ಕಡಿಮೆ.

ಕೊಯ್ಯದೆ ಉಳಿಸುವ ಮಾರ್ಗವೂ ಇದೆ. ತೊಡೆ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ಕಣಗಳನ್ನು ಹಾಯಿಸಿ ಗಡ್ಡೆಗೆ ರಕ್ತ ಹೋಗುವ ದಾರಿ ಮುಚ್ಚುವುದಕ್ಕೆ ಎಂಬೊಲೈಸೇಷನ್ ಎನ್ನುತ್ತಾರೆ. ಫೈಬ್ರಾಯ್ಡ್‌ಗೆ ಅದರ ಮೊದಲ ವರದಿ 1995ರಲ್ಲಿ ಪ್ಯಾರಿಸ್‌ನಿಂದ ಬಂತು. ನೆದರ್ಲೆಂಡ್ಸ್‌ನ ಪ್ರಯೋಗದಲ್ಲಿ ಇದಕ್ಕೆ ಒಳಗಾದ 81 ಮಂದಿಯಲ್ಲಿ 28 ಮಂದಿಗೆ ಹತ್ತು ವರ್ಷಗಳೊಳಗೆ ಗರ್ಭಕೋಶ ತೆಗೆಯಬೇಕಾಯಿತು. ಸುಮಾರು ಮೂರನೇ ಎರಡು ಭಾಗಕ್ಕೆ ಬೇಕಾಗಲಿಲ್ಲ. ಬ್ರಿಟನ್ನಿನ 254 ಮಹಿಳೆಯರ ಪ್ರಯೋಗ (2020) ಇದನ್ನು ಮಯೋಮೆಕ್ಟಮಿಯೊಡನೆ ನೇರವಾಗಿ ಹೋಲಿಸಿತು: ಎರಡು ವರ್ಷಗಳ ನಂತರ 100 ಅಂಕಗಳ ಜೀವನಮಟ್ಟದ ಮಾಪನದಲ್ಲಿ ಮಯೋಮೆಕ್ಟಮಿಗೆ 84.6, ಎಂಬೊಲೈಸೇಷನ್‌ಗೆ 80. ತೊಡಕುಗಳು ಕ್ರಮವಾಗಿ ಶೇ 29 ಮತ್ತು ಶೇ 24.

ತೆಗೆದದ್ದರ ಬಾಕಿ

‘ಮಕ್ಕಳಾದ ಮೇಲೆ ಅದು ಇದ್ದರೇನು, ಹೋದರೇನು’ ಎಂಬ ಮಾತಿಗೆ ಉತ್ತರ ದೀರ್ಘಾವಧಿಯ ಅಂಕಿಗಳಲ್ಲಿದೆ. ಅಂಡಾಶಯ ಉಳಿಸಿ ಗರ್ಭಕೋಶ ಮಾತ್ರ ತೆಗೆದ 2,094 ಮಹಿಳೆಯರನ್ನು ಸುಮಾರು 22 ವರ್ಷ ಹಿಂಬಾಲಿಸಿದ ಅಮೆರಿಕದ ಮೇಯೊ ಕ್ಲಿನಿಕ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 35 ಅಥವಾ ಅದಕ್ಕೂ ಮೊದಲು ಗರ್ಭಕೋಶ ಕಳೆದುಕೊಂಡವರಲ್ಲಿ ಹೃದಯ ವೈಫಲ್ಯದ ಸಂಭವ 4.6 ಪಟ್ಟು, ಹೃದಯದ ರಕ್ತನಾಳ ಕಾಯಿಲೆಯ ಸಂಭವ 2.5 ಪಟ್ಟು ಇತ್ತು. ನಾಲ್ಕು ವರ್ಷಗಳೊಳಗೆ ಅಂಡಾಶಯ ಕೆಲಸ ನಿಲ್ಲಿಸಿದ್ದು ಗರ್ಭಕೋಶ ತೆಗೆಸಿಕೊಂಡವರಲ್ಲಿ ಶೇ 14.8, ಉಳಿದವರಲ್ಲಿ ಶೇ 8 ಎಂದು 2011ರ ಇನ್ನೊಂದು ಅಧ್ಯಯನ ಹೇಳುತ್ತದೆ. ಇವು ಸಂಬಂಧ ತೋರಿಸುವ ಅಂಕಿಗಳು. ಗರ್ಭಕೋಶ ತೆಗೆದದ್ದೇ ಏಕೈಕ ಕಾರಣ ಎಂದು ಸಾಬೀತುಪಡಿಸುವುದಿಲ್ಲ. ಆದರೆ ಭಾರತದಲ್ಲಿ ಗರ್ಭಕೋಶ ಕಳೆದುಕೊಂಡವರಲ್ಲಿ ಅರ್ಧದಷ್ಟು ಮಂದಿ ಆಗ ಇದೇ ವಯೋಮಾನದವರು.

ರೂಪಾಯಿ ಲೆಕ್ಕ

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತಿನಲ್ಲಿ (2017–18) ಗ್ರಾಮೀಣ ಭಾರತದ ಕುಟುಂಬವೊಂದು ಒಂದು ಬಾರಿಯ ಆಸ್ಪತ್ರೆವಾಸಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ ₹4,290, ಖಾಸಗಿಯಲ್ಲಿ ₹27,347 ವೆಚ್ಚ ಮಾಡಿತ್ತು. ಖಾಸಗಿ ಆರು ಪಟ್ಟಿಗೂ ಹೆಚ್ಚು. ಇದು ಹೆರಿಗೆ ಬಿಟ್ಟು ಎಲ್ಲ ಕಾಯಿಲೆಗಳ ಸರಾಸರಿ.

ಬಿಲ್ಲಿನಲ್ಲಿ ಕಾಣದ ಬಾಬತ್ತು ಕೂಲಿ. ಹೊಟ್ಟೆ ತೆರೆದ ಶಸ್ತ್ರಚಿಕಿತ್ಸೆಗೆ ಆರು ವಾರ, ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪರೊಸ್ಕೋಪಿಗೆ ಎರಡು ವಾರ ವಿಶ್ರಾಂತಿ ಎಂದಿಟ್ಟುಕೊಳ್ಳೋಣ. ಕರ್ನಾಟಕದ 2025–26ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ ₹370. ವಾರಕ್ಕೆ ಆರು ದಿನದಂತೆ ಮೊದಲನೆಯದರಲ್ಲಿ ₹13,320, ಎರಡನೆಯದರಲ್ಲಿ ₹4,440 ನಷ್ಟ. ವ್ಯತ್ಯಾಸ ₹8,880. ವಿಮೆ ಇದನ್ನು ತುಂಬಿಕೊಡುವುದಿಲ್ಲ.

ಚಿಕಿತ್ಸೆಯ ಬಿಲ್ಲಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷ, ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ 30ರಂತೆ ₹1.5 ಲಕ್ಷದವರೆಗೆ ರಕ್ಷಣೆ ಇದೆ. ವಿಮೆ ಬಂದಾಗ ಗರ್ಭಕೋಶ ತೆಗೆಯುವ ಪ್ರಕರಣ ಏರಿದ ದಾಖಲೆಯೂ ಇದೆ. ಬಿಹಾರದ ಸಮಸ್ತಿಪುರ ಜಿಲ್ಲೆಯಲ್ಲಿ 2010–12ರಲ್ಲಿ ಸರ್ಕಾರಿ ವಿಮೆಯಡಿ ನಡೆದ 14,851 ಚಿಕಿತ್ಸೆಗಳಲ್ಲಿ 5,503, ಅಂದರೆ ಶೇ 37, ಹಿಸ್ಟರೆಕ್ಟಮಿ ಎಂದು ವರದಿಯಾಗಿತ್ತು. ಆಯುಷ್ಮಾನ್ ಭಾರತ್‌ನ ಮೊದಲ ತಿಂಗಳುಗಳ ವಿಶ್ಲೇಷಣೆಯಲ್ಲಿ ಮಹಿಳೆಯರ ಒಟ್ಟು ಕ್ಲೇಮುಗಳಲ್ಲಿ ಹಿಸ್ಟರೆಕ್ಟಮಿಯ ಪಾಲು ಸುಮಾರು ಶೇ 2. ಅದರಲ್ಲಿ ನಾಲ್ಕನೇ ಮೂರು ಭಾಗ ಆರು ರಾಜ್ಯಗಳಿಂದ ಬಂದಿತ್ತು. ಆ ಆರರಲ್ಲಿ ಕರ್ನಾಟಕವೂ ಒಂದು.

ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರ ಸರ್ಕಾರಿ ಸಮಿತಿ 82,309 ಕಬ್ಬು ಕಡಿಯುವ ಮಹಿಳೆಯರನ್ನು ಸಮೀಕ್ಷಿಸಿತು. 13,861 ಮಂದಿಗೆ, ಅಂದರೆ ಶೇ 16.8ರಷ್ಟು ಮಂದಿಗೆ, ಗರ್ಭಕೋಶ ತೆಗೆಯಲಾಗಿತ್ತು. ರಾಷ್ಟ್ರೀಯ ಸರಾಸರಿಯ ಐದು ಪಟ್ಟು. ಈ ಜಿಲ್ಲೆಯ ಕಾರ್ಮಿಕರು ಹಂಗಾಮಿನಲ್ಲಿ ಕರ್ನಾಟಕದ ಗದ್ದೆಗಳಿಗೂ ಬರುತ್ತಾರೆ. 2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರಿಂದಲೂ ಇದೇ ದೂರು ಕೇಳಿಬಂದು ತನಿಖೆ ನಡೆದಿತ್ತು.

ಹಿಸ್ಟರೆಕ್ಟಮಿಗಳ ಸಂಖ್ಯೆ ಇಳಿಸಲು ಸಾಧ್ಯ ಎಂಬುದಕ್ಕೂ ಉದಾಹರಣೆಯಿದೆ. ಅಮೆರಿಕದಲ್ಲಿ ಒಳರೋಗಿಗಳಾಗಿ ಹಿಸ್ಟರೆಕ್ಟಮಿಗೆ ಒಳಗಾದವರು 2002ರಲ್ಲಿ 6,81,234 ಇದ್ದರೆ 2010ರಲ್ಲಿ 4,33,621. ಇಳಿಕೆ ಶೇ 36. ಇದರಲ್ಲಿ ಒಂದು ಪಾಲು ಹೊರರೋಗಿ ವಿಭಾಗಕ್ಕೆ ಸ್ಥಳಾಂತರಗೊಂಡದ್ದು ನಿಜ. ಉಳಿಸುವ ಚಿಕಿತ್ಸೆಗಳು ಬಳಕೆಗೆ ಬಂದದ್ದೂ ನಿಜ.

ಕೇಂದ್ರ ಸರ್ಕಾರ 2022ರಲ್ಲಿ ಅನಗತ್ಯ ಹಿಸ್ಟರೆಕ್ಟಮಿ ತಡೆಯುವ ಮಾರ್ಗಸೂಚಿ ಹೊರಡಿಸಿ, ರಾಷ್ಟ್ರ, ರಾಜ್ಯ, ಜಿಲ್ಲಾ ಮಟ್ಟದ ನಿಗಾ ಸಮಿತಿಗಳನ್ನು ಸೂಚಿಸಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳಲ್ಲಿ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು. ಸಮಿತಿಗಳು ತೆಗೆದ ಗರ್ಭಕೋಶಗಳನ್ನು ಮಾತ್ರ ಎಣಿಸಿದರೆ ಅರ್ಧ ಲೆಕ್ಕವಾಗುತ್ತದೆ. ಪ್ರತಿ ಆಸ್ಪತ್ರೆಯ ಹಿಸ್ಟರೆಕ್ಟಮಿ ಸಂಖ್ಯೆಯ ಪಕ್ಕದಲ್ಲಿ ಮಯೋಮೆಕ್ಟಮಿಯ ಸಂಖ್ಯೆ, ರೋಗಿಯ ವಯಸ್ಸು, ಅಂಗಾಂಶ ಪರೀಕ್ಷೆಯ ಫಲಿತಾಂಶ ಇವಿಷ್ಟನ್ನೂ ಜಿಲ್ಲಾವಾರು ಪ್ರಕಟಿಸಬೇಕು. ಎರಡನೇ ಅಂಕಣ ಸೊನ್ನೆ ಇರುವ ಆಸ್ಪತ್ರೆ ಯಾವುದೆಂದು ಜನರಿಗೆ ತಿಳಿಯಬೇಕು.

ಸಹಿ ಹಾಕುವ ಮೊದಲು ಓದುಗರು ಐದು ಅಂಕಿಗಳನ್ನು ಕೇಳಿ ಬರೆದುಕೊಳ್ಳಲಿ: ಗಡ್ಡೆ ಎಷ್ಟು, ದೊಡ್ಡದರ ವ್ಯಾಸ ಎಷ್ಟು ಸೆಂ.ಮೀ., ಫಿಗೊ ಬಗೆ 0ರಿಂದ 8ರಲ್ಲಿ ಯಾವುದು, ಹಿಮೋಗ್ಲೋಬಿನ್ ಎಷ್ಟು, ಈ ವೈದ್ಯರು ಕಳೆದ ವರ್ಷ ಮಾಡಿದ ಮಯೋಮೆಕ್ಟಮಿ ಎಷ್ಟು. ಐದರಲ್ಲಿ ಒಂದಕ್ಕೂ ಉತ್ತರ ಸಿಗದಿದ್ದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ.